ಕಡ್ಡಿಯೊಳಗಿನ ವರ್ಗ ಸಮೀಕರಣ: ನಾಲ್ಕು ಉತ್ತರ ಬಂದಾಗ ಎರಡನ್ನು ಬಿಡುವುದೇಕೆ?

ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣವನ್ನು ಸಲೀಸಾಗಿ ಬಿಡಿಸುತ್ತಿದ್ದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಬಂದ ಕೆಲವೇ ವಾರಗಳಲ್ಲಿ ಒಂದು ಕಡೆ ಎಡವುತ್ತಾರೆ. ಲೆಕ್ಕ ನೋಡಲು ಹಳೆಯದೇ, ಆದರೆ ಅದರ ಎರಡು ಪಕ್ಕದಲ್ಲಿ ಎರಡು ನೆಟ್ಟ ಕಡ್ಡಿಗಳಿರುತ್ತವೆ: | |, ಅಂದರೆ ನಿರಪೇಕ್ಷ ಮೌಲ್ಯದ ಗುರುತು. ಕಷ್ಟಪಟ್ಟು ಬಿಡಿಸಿದರೆ ನಾಲ್ಕು ಉತ್ತರ ಬರುತ್ತದೆ. ಪುಸ್ತಕದ ಹಿಂದೆ ನೋಡಿದರೆ ಎರಡೇ ಇರುತ್ತದೆ. ಉಳಿದೆರಡು ಎಲ್ಲಿಂದ ಬಂದವು, ಯಾಕೆ ಹೋದವು ಎಂಬುದು ತಿಳಿಯುವುದೇ ಇಲ್ಲ.

ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದರ ಜೊತೆ ಹೆಸರುಗಳ ತೊಡಕೂ ಸೇರುತ್ತದೆ. ವರ್ಗ ಸಮೀಕರಣ ಒಂದೇ ರಾತ್ರಿಯಲ್ಲಿ ‘ಕ್ವಾಡ್ರಾಟಿಕ್ ಈಕ್ವೇಶನ್’ ಆಗುತ್ತದೆ, ಶೋಧಕ ‘ಡಿಸ್ಕ್ರಿಮಿನಂಟ್’ ಆಗುತ್ತದೆ, ನಿರಪೇಕ್ಷ ಮೌಲ್ಯವನ್ನು ಎಲ್ಲರೂ ‘ಮಾಡ್’ ಎನ್ನುತ್ತಾರೆ. ಹೆಸರು ಬದಲಾದರೂ ವಿಷಯ ಬದಲಾಗಿಲ್ಲ. ಬುಡದಿಂದ ನೋಡಿಕೊಂಡು ಬಂದರೆ ಇದರಲ್ಲಿ ಬಾಯಿಪಾಠ ಮಾಡಬೇಕಾದದ್ದು ಬಹಳ ಕಡಿಮೆ. ಈ ಲೇಖನದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ‘ಕ್ಷ’ ಎಂದು ಬರೆದಿದೆ. ಪಠ್ಯಪುಸ್ತಕದಲ್ಲಿ ‘ಎಕ್ಸ್’ ಇರುವ ಜಾಗ ಅದು.

ಕಡ್ಡಿಗಳು ಹೇಳುವುದು ದೂರವನ್ನು

ಬೇಲೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಒಂದು ಕಡೆ ಸುಮಾರು 40 ಕಿಲೋಮೀಟರಿಗೆ ಹಾಸನ, ಇನ್ನೊಂದು ಕಡೆ ಸುಮಾರು 25 ಕಿಲೋಮೀಟರಿಗೆ ಚಿಕ್ಕಮಗಳೂರು. ಬೇಲೂರನ್ನು 0 ಎಂದು ಇಟ್ಟುಕೊಂಡು ಚಿಕ್ಕಮಗಳೂರಿನ ದಿಕ್ಕನ್ನು ಧನ ಎಂದರೆ ಚಿಕ್ಕಮಗಳೂರು +25ರಲ್ಲಿರುತ್ತದೆ, ಹಾಸನ −40ರಲ್ಲಿರುತ್ತದೆ. ಆದರೆ ಹಾಸನಕ್ಕೆ ಹೊರಟ ಬಸ್ಸಿನ ಮೀಟರು −40 ಎಂದು ತೋರಿಸುವುದಿಲ್ಲ, ಓಡಿದಷ್ಟು 40 ಎಂದೇ ತೋರಿಸುತ್ತದೆ. ನಿರಪೇಕ್ಷ ಮೌಲ್ಯ ಅಂದರೆ ಈ ಮೀಟರಿನ ಲೆಕ್ಕ: ದಿಕ್ಕನ್ನು ಬಿಟ್ಟು ದೂರವನ್ನಷ್ಟೇ ಹೇಳುವುದು. |25| = 25, |−40| = 40. ಈ ಕಡ್ಡಿ ಗುರುತನ್ನು 1841ರಲ್ಲಿ ಬಳಕೆಗೆ ತಂದವರು ಜರ್ಮನಿಯ ಗಣಿತಜ್ಞ ಕಾರ್ಲ್ ವಯರ್‌ಸ್ಟ್ರಾಸ್.

ದೂರವನ್ನು 0ಯಿಂದಲೇ ಅಳೆಯಬೇಕೆಂದಿಲ್ಲ. |ಕ್ಷ − 2| ಎಂದರೆ ಕ್ಷ ಮತ್ತು 2ರ ನಡುವಿನ ದೂರ. |ಕ್ಷ + 3| ಎಂದರೆ ಕ್ಷ ಮತ್ತು −3ರ ನಡುವಿನ ದೂರ.

ಇದನ್ನೇ ಲೆಕ್ಕದ ಮಾತಿನಲ್ಲಿ ಹೀಗೆ ಬರೆಯುತ್ತಾರೆ:

ಕ್ಷ ≥ 0 ಆದರೆ |ಕ್ಷ| = ಕ್ಷ
ಕ್ಷ < 0 ಆದರೆ |ಕ್ಷ| = −ಕ್ಷ

ಎರಡನೇ ಸಾಲು ತುಂಬ ಜನರನ್ನು ಗಲಿಬಿಲಿಗೊಳಿಸುತ್ತದೆ. ‘ನಿರಪೇಕ್ಷ ಮೌಲ್ಯ ಋಣವಾಗುವುದಿಲ್ಲ ಅಂದಮೇಲೆ −ಕ್ಷ ಹೇಗೆ ಬಂತು?’ ಎಂಬ ಪ್ರಶ್ನೆ ಸರಿಯಾದದ್ದೇ. ಇಲ್ಲಿ ಕ್ಷ ತಾನೇ ಋಣ ಸಂಖ್ಯೆ ಎಂಬುದನ್ನು ಮರೆಯಬಾರದು. ಕ್ಷ = −7 ಆದರೆ −ಕ್ಷ = −(−7) = 7. ಮೈನಸ್ ಚಿಹ್ನೆ ಇದೆ ಎಂದ ಮಾತ್ರಕ್ಕೆ ಅದು ಋಣ ಸಂಖ್ಯೆಯಲ್ಲ. ಚಿಹ್ನೆಯನ್ನು ತಿರುಗಿಸು ಎಂದಷ್ಟೇ ಅದರ ಅರ್ಥ. ಮುಂದಿನದೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ. ಇಲ್ಲಿ ಅರ್ಧ ಗಂಟೆ ಹೆಚ್ಚು ಕೂತರೂ ನಷ್ಟವಿಲ್ಲ.

ವರ್ಗ ಸಮೀಕರಣದ ನೆನಪು

ಅಕ್ಷ² + ಬಕ್ಷ + ಕ = 0 ಎಂಬ ರೂಪದ್ದು (ಅ ಸೊನ್ನೆಯಲ್ಲ) ವರ್ಗ ಸಮೀಕರಣ. ಅಪವರ್ತಿಸಿ ಬಿಡಿಸಬಹುದು, ಅದು ಆಗದಿದ್ದರೆ ಸೂತ್ರವಿದೆ: ಕ್ಷ = (−ಬ ± √(ಬ² − 4ಅಕ)) ÷ 2ಅ. ವರ್ಗಮೂಲದ ಒಳಗಿನ ಬ² − 4ಅಕ ಎಂಬುದೇ ಶೋಧಕ. ಅದು ಧನವಾದರೆ ಎರಡು ಮೂಲ, ಸೊನ್ನೆಯಾದರೆ ಒಂದೇ, ಋಣವಾದರೆ ವಾಸ್ತವ ಮೂಲವೇ ಇಲ್ಲ. ಋಣ ಸಂಖ್ಯೆ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದಾರೆ.

ಕಡ್ಡಿಯ ಎದುರು ಬರೀ ಸಂಖ್ಯೆ ಇದ್ದರೆ

|ಕ್ಷ² − 5ಕ್ಷ| = 6 ಎಂಬುದನ್ನು ತೆಗೆದುಕೊಳ್ಳೋಣ. ಕಡ್ಡಿಯೊಳಗಿನದು 0ಯಿಂದ 6ರಷ್ಟು ದೂರದಲ್ಲಿದೆ ಎಂದು ಇದು ಹೇಳುತ್ತದೆ. ಹಾಗಾದರೆ ಒಳಗಿನದು 6 ಆಗಿರಬೇಕು, ಇಲ್ಲವೇ −6 ಆಗಿರಬೇಕು.

ಕ್ಷ² − 5ಕ್ಷ = 6 ಎಂದರೆ ಕ್ಷ² − 5ಕ್ಷ − 6 = 0, ಅಂದರೆ (ಕ್ಷ − 6)(ಕ್ಷ + 1) = 0. ಮೂಲಗಳು 6 ಮತ್ತು −1.
ಕ್ಷ² − 5ಕ್ಷ = −6 ಎಂದರೆ ಕ್ಷ² − 5ಕ್ಷ + 6 = 0, ಅಂದರೆ (ಕ್ಷ − 2)(ಕ್ಷ − 3) = 0. ಮೂಲಗಳು 2 ಮತ್ತು 3.

ನಾಲ್ಕೂ ಸಲ್ಲುತ್ತವೆ. ವರ್ಗ ಸಮೀಕರಣಕ್ಕೆ ಎರಡಕ್ಕಿಂತ ಹೆಚ್ಚು ಮೂಲ ಇರಬಾರದಲ್ಲ ಎಂಬ ಅನುಮಾನ ಬಂದರೆ ಅದು ಒಳ್ಳೆಯ ಅನುಮಾನ. ಕಡ್ಡಿ ಬಿದ್ದಾಗ ಅದು ಒಂದು ವರ್ಗ ಸಮೀಕರಣವಾಗಿ ಉಳಿಯುವುದಿಲ್ಲ, ಒಂದರ ಹೊಟ್ಟೆಯಲ್ಲಿ ಎರಡು ಇರುತ್ತವೆ. ಎದುರಿಗೆ −6 ಇದ್ದಿದ್ದರೆ ಬಿಡಿಸುವ ಶ್ರಮವೇ ಬೇಡ. ದೂರ ಋಣವಾಗುವುದಿಲ್ಲ, ಪರಿಹಾರವಿಲ್ಲ.

ಕಡ್ಡಿಯ ಎದುರು ಕ್ಷ ಇದ್ದರೆ

ಎಡವುವುದು ಇಲ್ಲಿ. |ಕ್ಷ² − 6| = ಕ್ಷ ಎಂಬ ಸಣ್ಣ ಲೆಕ್ಕವನ್ನು ಹಿಂದಿನ ದಾರಿಯಲ್ಲೇ ಬಿಡಿಸಿ.

ಕ್ಷ² − 6 = ಕ್ಷ ಎಂದರೆ ಕ್ಷ² − ಕ್ಷ − 6 = 0. ಮೂಲಗಳು 3, −2.
ಕ್ಷ² − 6 = −ಕ್ಷ ಎಂದರೆ ಕ್ಷ² + ಕ್ಷ − 6 = 0. ಮೂಲಗಳು 2, −3.

ಈಗ −2ನ್ನು ಕೊಟ್ಟ ಲೆಕ್ಕಕ್ಕೇ ಹಾಕಿ ನೋಡಿ. ಎಡಗಡೆ |4 − 6| = 2, ಬಲಗಡೆ −2. ಕೂಡುವುದಿಲ್ಲ. −3ನ್ನು ಹಾಕಿದರೆ ಎಡಗಡೆ 3, ಬಲಗಡೆ −3. ಅದೂ ಕೂಡುವುದಿಲ್ಲ. ಉಳಿಯುವುದು 3 ಮತ್ತು 2 ಮಾತ್ರ.

ಅಪವರ್ತನದಲ್ಲಿ ತಪ್ಪೇನೂ ಆಗಿಲ್ಲ, ಆದರೂ ಸಲ್ಲದ ಮೂಲಗಳು ಬಂದವು. ಕಾರಣ ಇಷ್ಟೇ: ಎಡಗಡೆ ಇರುವುದು ದೂರ, ಆದ್ದರಿಂದ ಬಲಗಡೆಯೂ ಸೊನ್ನೆ ಅಥವಾ ಧನವಾಗಿರಲೇಬೇಕು. ‘ಒಳಗಿನದು ಕ್ಷ ಅಥವಾ −ಕ್ಷ’ ಎಂದು ಬರೆದ ಗಳಿಗೆಯಲ್ಲಿ ಆ ಷರತ್ತು ಕೈಬಿಟ್ಟುಹೋಯಿತು. ಅದನ್ನು ನಾವೇ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು: ಮೊದಲು ‘ಬಲಗಡೆ ≥ 0’ ಎಂಬ ಸಾಲು, ಆಮೇಲೆ ಎರಡು ಸಮೀಕರಣ. ಇಲ್ಲಿ ಆ ಸಾಲು ಕ್ಷ ≥ 0. ನಾಲ್ಕು ಮೂಲಗಳನ್ನು ಅದರ ಮುಂದೆ ನಿಲ್ಲಿಸಿದರೆ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಎರಡೂ ಕಡೆ ಕಡ್ಡಿ ಇದ್ದರೆ ಈ ಷರತ್ತು ಬೇಕಾಗುವುದಿಲ್ಲ, ಏಕೆಂದರೆ ಬಲಗಡೆ ಇರುವುದೂ ದೂರವೇ. ಈ ಜೋಡಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ:

ಮೊದಲನೆಯದು: |ಕ್ಷ − 2| = ಕ್ಷ² − 4
ಎರಡನೆಯದು: |ಕ್ಷ − 2| = |ಕ್ಷ² − 4|

ಎರಡರಲ್ಲೂ ಬಿಡಿಸಬೇಕಾದ ಸಮೀಕರಣಗಳು ಅವೇ. ಕ್ಷ² − 4 = ಕ್ಷ − 2 ಎಂಬುದರಿಂದ 2 ಮತ್ತು −1 ಬರುತ್ತವೆ. ಕ್ಷ² − 4 = −(ಕ್ಷ − 2) ಎಂಬುದರಿಂದ 2 ಮತ್ತು −3 ಬರುತ್ತವೆ. ಈಗ −1ನ್ನು ಪರೀಕ್ಷಿಸಿ. ಮೊದಲನೆಯದರಲ್ಲಿ ಎಡಗಡೆ 3, ಬಲಗಡೆ 1 − 4 = −3, ಸಲ್ಲದು. ಎರಡನೆಯದರಲ್ಲಿ ಎಡಗಡೆ 3, ಬಲಗಡೆ |−3| = 3, ಸಲ್ಲುತ್ತದೆ. ಹಾಗಾಗಿ ಮೊದಲನೆಯದಕ್ಕೆ ಪರಿಹಾರ 2, −3. ಎರಡನೆಯದಕ್ಕೆ 2, −1, −3. ಒಂದು ಜೊತೆ ಕಡ್ಡಿ ಹೆಚ್ಚಾದದ್ದಕ್ಕೆ ಒಂದು ಉತ್ತರ ಬದುಕಿಕೊಂಡಿತು.

ಇದೇ ಲೆಕ್ಕದಲ್ಲಿ ಇನ್ನೊಂದು ಗುಂಡಿಯಿದೆ. ಕ್ಷ² − 4 ಎಂಬುದು (ಕ್ಷ − 2)(ಕ್ಷ + 2). ಎರಡೂ ಕಡೆ ಕ್ಷ − 2 ಕಂಡ ಕೂಡಲೇ ಅದರಿಂದ ಭಾಗಿಸಿ ಹೊಡೆದುಹಾಕುವ ಆಸೆಯಾಗುತ್ತದೆ. ಹೊಡೆದುಹಾಕಿದರೆ ಕ್ಷ = 2 ಎಂಬ ಉತ್ತರವೂ ಅದರ ಜೊತೆ ಹೋಗುತ್ತದೆ. ಸೊನ್ನೆಯಾಗಬಹುದಾದ ಪದದಿಂದ ಭಾಗಿಸಬಾರದು. ಎಲ್ಲವನ್ನೂ ಒಂದೇ ಕಡೆಗೆ ತಂದು ಸಾಮಾನ್ಯ ಪದವನ್ನು ಹೊರಗೆ ತೆಗೆಯಬೇಕು.

ಸೀಮೆ ಕಟ್ಟಿ ಬಿಡಿಸುವುದು

ಕಡ್ಡಿಗಳು ಒಂದಕ್ಕಿಂತ ಹೆಚ್ಚಿದ್ದು ನಡುವೆ ಕೂಡಿಕೆ, ಕಳೆಯುವಿಕೆ ಬಂದರೆ ಮೇಲಿನ ಒಳದಾರಿ ಸಾಲದು. ಆಗ ಬೇಕಾದದ್ದು ಸೀಮೆ ಕಟ್ಟುವ ವಿಧಾನ. ನಮ್ಮ ಎರಡೂ ಜಿಲ್ಲೆಯವರಿಗೆ ಇದು ಹೊಸ ಮಾತಲ್ಲ. ಹಾಸನ ಜಿಲ್ಲೆಯಲ್ಲಿ ಅರಸೀಕೆರೆ ಬಯಲುಸೀಮೆ, ಸಕಲೇಶಪುರ ಮಲೆನಾಡು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಡೂರು ಬಯಲು, ಮೂಡಿಗೆರೆ ಮಲೆನಾಡು. ಜಿಲ್ಲೆಯ ಹೆಸರು ಒಂದೇ ಆದರೂ ಮಳೆ ಬೇರೆ, ಬೆಳೆ ಬೇರೆ. ಮೂಡಿಗೆರೆಯ ಕಾಫಿಗಿಡವನ್ನು ಕಡೂರಿನ ರಾಗಿಹೊಲದಲ್ಲಿ ಹುಡುಕುವುದಿಲ್ಲ. ಕಡ್ಡಿಯಿರುವ ಸಮೀಕರಣವೂ ಹಾಗೆಯೇ: ಹೆಸರು ಒಂದು, ಸೀಮೆಗೊಂದು ರೂಪ. ಒಂದು ಸೀಮೆಯ ಸಮೀಕರಣದಿಂದ ಬಂದ ಮೂಲ ಆ ಸೀಮೆಯೊಳಗೇ ಬಿದ್ದರೆ ಮಾತ್ರ ಅದು ಉತ್ತರ.

|ಕ್ಷ − 1| + |ಕ್ಷ + 2| = ಕ್ಷ² − 3 ಎಂಬುದನ್ನು ಹೀಗೆ ಬಿಡಿಸೋಣ.

ಮೊದಲ ಕೆಲಸ ಗಡಿಕಲ್ಲು ನೆಡುವುದು. ಪ್ರತಿ ಕಡ್ಡಿಯೊಳಗಿನದು ಎಲ್ಲಿ ಸೊನ್ನೆಯಾಗುತ್ತದೋ ಅದೇ ಗಡಿ. ಇಲ್ಲಿ 1 ಮತ್ತು −2. ಸಂಖ್ಯಾರೇಖೆ ಮೂರು ಸೀಮೆಯಾಗಿ ಒಡೆಯುತ್ತದೆ: −2ಕ್ಕಿಂತ ಕಡಿಮೆ, −2ರಿಂದ 1ರವರೆಗೆ, 1 ಮತ್ತು ಅದಕ್ಕಿಂತ ಹೆಚ್ಚು.

ಕ್ಷ < −2 ಆದಾಗ ಎರಡೂ ಕಡ್ಡಿಯೊಳಗಿನದು ಋಣ. ಎರಡನ್ನೂ ತಿರುಗಿಸಿದರೆ −(ಕ್ಷ − 1) − (ಕ್ಷ + 2) = −2ಕ್ಷ − 1. ಸಮೀಕರಣ ಕ್ಷ² + 2ಕ್ಷ − 2 = 0 ಆಗುತ್ತದೆ. ಮೂಲಗಳು −1 + √3 ಮತ್ತು −1 − √3, ಅಂದರೆ ಸುಮಾರು 0.73 ಮತ್ತು −2.73. ಈ ಸೀಮೆಗೆ ಸೇರಿದ್ದು −2.73 ಮಾತ್ರ. 0.73 ಹೊರಗಿನದು, ಬಿಡಬೇಕು.

−2 ≤ ಕ್ಷ < 1 ಆದಾಗ ಕ್ಷ − 1 ಋಣ, ಕ್ಷ + 2 ಋಣವಲ್ಲ. −(ಕ್ಷ − 1) + (ಕ್ಷ + 2) = 3. ಹಾಗಾಗಿ 3 = ಕ್ಷ² − 3, ಅಂದರೆ ಕ್ಷ² = 6, ಕ್ಷ = ±2.45 ಸುಮಾರಾಗಿ. ಎರಡೂ ಸೀಮೆಯ ಹೊರಗಿವೆ. ಇಲ್ಲಿಂದ ಏನೂ ಸಿಗಲಿಲ್ಲ. ಒಂದು ಸೀಮೆ ಬರಿದಾದರೆ ಎಲ್ಲೋ ತಪ್ಪಾಗಿದೆ ಎಂದು ಹೆದರಬೇಕಿಲ್ಲ.

ಕ್ಷ ≥ 1 ಆದಾಗ ಎರಡನ್ನೂ ಹಾಗೆಯೇ ಬಿಚ್ಚಬಹುದು. (ಕ್ಷ − 1) + (ಕ್ಷ + 2) = 2ಕ್ಷ + 1. ಸಮೀಕರಣ ಕ್ಷ² − 2ಕ್ಷ − 4 = 0. ಮೂಲಗಳು 1 + √5 ಮತ್ತು 1 − √5, ಸುಮಾರು 3.24 ಮತ್ತು −1.24. ಉಳಿಯುವುದು 3.24.

ಆರು ಮೂಲ ಬಂದವು, ನಿಂತದ್ದು ಎರಡು: −1 − √3 ಮತ್ತು 1 + √5. ತಾಳೆ ನೋಡಲು 3.236ನ್ನು ಹಾಕಿ: ಎಡಗಡೆ 2.236 + 5.236 = 7.472, ಬಲಗಡೆ 10.472 − 3 = 7.472.

ಗಡಿಕಲ್ಲು ಯಾವ ಸೀಮೆಗೆ ಸೇರಬೇಕು ಎಂದು ಕೇಳುವವರಿದ್ದಾರೆ. ಗಡಿಯಲ್ಲಿ ಕಡ್ಡಿಯೊಳಗಿನದು ಸೊನ್ನೆ. ಸೊನ್ನೆಯನ್ನು ತಿರುಗಿಸಿದರೂ ಸೊನ್ನೆಯೇ. ಆದ್ದರಿಂದ ಯಾವ ಕಡೆಗೆ ಸೇರಿಸಿದರೂ ಉತ್ತರ ಬದಲಾಗದು. ಎರಡೂ ಕಡೆ ಬಿಟ್ಟುಬಿಡಬಾರದು, ಎರಡೂ ಕಡೆ ಎಣಿಸಲೂಬಾರದು, ಅಷ್ಟೇ. ‘ಎಷ್ಟು ಪರಿಹಾರಗಳಿವೆ’ ಎಂದು ಕೇಳಿದಾಗ ಗಡಿಯ ಮೂಲವನ್ನು ಎರಡು ಸಲ ಎಣಿಸಿ ಅಂಕ ಕಳೆದುಕೊಳ್ಳುವುದು ಬಹಳ ಕಾಣುವ ತಪ್ಪು.

ಕಡ್ಡಿಯೊಳಗೇ ವರ್ಗ ಪದವಿದ್ದರೆ ಗಡಿಗಳು ಅದರ ಮೂಲಗಳು. |ಕ್ಷ² − 4ಕ್ಷ + 3| ಎಂಬುದಕ್ಕೆ 1 ಮತ್ತು 3. ಇವುಗಳ ನಡುವೆ ಒಳಗಿನದು ಋಣ, ಹೊರಗೆ ಧನ. ನಡುವಿನ ಸೀಮೆಯಲ್ಲಿ ತಿರುಗಿಸುವಾಗ ಮೂರೂ ಪದಗಳ ಚಿಹ್ನೆ ಬದಲಾಗಬೇಕು: −ಕ್ಷ² + 4ಕ್ಷ − 3. ಅವಸರದಲ್ಲಿ ಮೊದಲ ಪದಕ್ಕೆ ಮಾತ್ರ ಮೈನಸ್ ಹಾಕಿ −ಕ್ಷ² − 4ಕ್ಷ + 3 ಎಂದು ಬರೆದವರ ಲೆಕ್ಕ ಅಲ್ಲಿಂದ ಮುಂದೆ ಪೂರ್ತಿ ದಾರಿ ತಪ್ಪುತ್ತದೆ. ಮೊದಲು ಆವರಣ ಹಾಕಿ, ಹೊರಗೆ ಮೈನಸ್ ಬರೆದು, ಆಮೇಲೆ ಬಿಚ್ಚುವುದು ಒಳ್ಳೆಯ ಅಭ್ಯಾಸ.

ಕ್ಷ² ಮತ್ತು |ಕ್ಷ| ಮಾತ್ರ ಇದ್ದರೆ

ಕ್ಷ² − 5|ಕ್ಷ| + 6 = 0 ಎಂಬಂಥದಕ್ಕೆ ಸೀಮೆಯ ಗೋಜೇ ಬೇಡ. ದೂರದ ವರ್ಗವೂ ಸಂಖ್ಯೆಯ ವರ್ಗವೂ ಒಂದೇ ಆದ್ದರಿಂದ ಕ್ಷ² ಎಂಬುದನ್ನು |ಕ್ಷ|² ಎಂದು ಬರೆಯಬಹುದು. |ಕ್ಷ| ಎಂಬುದಕ್ಕೆ ‘ದ’ ಎಂದು ಹೆಸರಿಟ್ಟರೆ ದ² − 5ದ + 6 = 0. ದ = 2 ಅಥವಾ 3. ಕ್ಷ = ±2, ±3, ಒಟ್ಟು ನಾಲ್ಕು.

ದ ಎಂಬುದು ದೂರ ಎಂಬುದು ಮಾತ್ರ ನೆನಪಿರಲಿ. ಕ್ಷ² − |ಕ್ಷ| − 6 = 0 ಎಂಬುದರಲ್ಲಿ ದ = 3 ಅಥವಾ −2 ಬರುತ್ತದೆ. −2 ಎಂಬ ದೂರವಿಲ್ಲ. ಉತ್ತರ ±3 ಮಾತ್ರ. ಕ್ಷ² − 4|ಕ್ಷ| = 0 ಎಂಬುದರಲ್ಲಿ ದ = 0 ಅಥವಾ 4, ಕ್ಷ = 0, ±4. ಸೊನ್ನೆಗೆ ಪ್ಲಸ್ ಮೈನಸ್ ಎರಡಿಲ್ಲದ್ದರಿಂದ ಮೂರೇ ಉತ್ತರ.

ಭಾಸ್ಕರಾಚಾರ್ಯರ ಕೋತಿಗಳು, ಕಾಫಿ ಕಣದ ಅಗಲ

ಬಂದ ಮೂಲವನ್ನೆಲ್ಲ ಉತ್ತರವೆಂದು ಒಪ್ಪಬಾರದು ಎಂಬ ಎಚ್ಚರ ಹಳೆಯದು. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಕೋತಿಗಳ ಲೆಕ್ಕವೊಂದಿದೆ: ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರನ್ನು ಕಳೆದು ವರ್ಗ ಮಾಡಿದಷ್ಟು ಕೋತಿಗಳು ಗುಹೆಗೆ ಹೋದವು, ಒಂದು ಮಾತ್ರ ಕೊಂಬೆಯ ಮೇಲೆ ಕಾಣಿಸಿತು, ಒಟ್ಟು ಎಷ್ಟು? ಬರೆದರೆ (ಕ್ಷ/5 − 3)² + 1 = ಕ್ಷ. ಬಿಡಿಸಿದರೆ ಕ್ಷ² − 55ಕ್ಷ + 250 = 0, ಮೂಲಗಳು 50 ಮತ್ತು 5. ಸಮೀಕರಣಕ್ಕೆ ಎರಡೂ ಕೂಡುತ್ತವೆ. ಆದರೆ 5ರ ಐದನೇ ಒಂದು ಭಾಗ 1, ಅದರಲ್ಲಿ 3 ಕಳೆದರೆ −2 ಕೋತಿ. ಋಣ ಸಂಖ್ಯೆಯ ಕೋತಿಗಳನ್ನು ಲೋಕ ಒಪ್ಪುವುದಿಲ್ಲವೆಂದು ಭಾಸ್ಕರರು 5ನ್ನು ಬಿಟ್ಟು 50ನ್ನು ಇಟ್ಟುಕೊಂಡರು. ವರ್ಗ ಮಾಡಿದಾಗ −2 ಮತ್ತು 2ರ ವ್ಯತ್ಯಾಸ ಅಳಿಸಿಹೋಗುವುದರಿಂದಲೇ ಆ 5 ನುಸುಳಿದ್ದು. ಕಡ್ಡಿ ಮಾಡುವ ಕೆಲಸವೂ ಅದೇ.

ನಮ್ಮ ಕಡೆಯ ಒಂದು ಲೆಕ್ಕ ನೋಡಿ. ಕಾಫಿ ಒಣಗಿಸುವ ಕಣದ ಉದ್ದ ಅಗಲಕ್ಕಿಂತ 4 ಮೀಟರ್ ಹೆಚ್ಚು. ಅದರ ವಿಸ್ತೀರ್ಣಕ್ಕೂ 61 ಚದರ ಮೀಟರಿಗೂ 16 ಚದರ ಮೀಟರ್ ವ್ಯತ್ಯಾಸ. ಅಗಲ ಎಷ್ಟು? ವ್ಯತ್ಯಾಸ ಹೆಚ್ಚೋ ಕಡಿಮೆಯೋ ಹೇಳಿಲ್ಲ, ಆದ್ದರಿಂದ ಕಡ್ಡಿ ಬೇಕು: |ಕ್ಷ(ಕ್ಷ + 4) − 61| = 16. ಒಂದು ಕಡೆ ಕ್ಷ² + 4ಕ್ಷ = 77, ಮೂಲಗಳು 7, −11. ಇನ್ನೊಂದು ಕಡೆ ಕ್ಷ² + 4ಕ್ಷ = 45, ಮೂಲಗಳು 5, −9. ಸಮೀಕರಣದ ದೃಷ್ಟಿಯಿಂದ ನಾಲ್ಕೂ ಸರಿ. ಅಗಲ ಋಣವಾಗದ್ದರಿಂದ 5 ಅಥವಾ 7 ಮೀಟರ್.

ನಕ್ಷೆ ಬರೆದರೆ ಎಣಿಕೆ ಕಣ್ಣಿಗೆ ಕಾಣುತ್ತದೆ

ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆಯಲ್ಲಿ ಗಾಳಿಯಿಲ್ಲದ ಬೆಳಿಗ್ಗೆ ಗುಡ್ಡಗಳು ನೀರಿನೊಳಗೆ ತಲೆಕೆಳಗಾಗಿ ಕಾಣುತ್ತವೆ. ಮೇಲಿನದು ಎಷ್ಟು ಎತ್ತರವೋ ಕೆಳಗಿನದು ಅಷ್ಟೇ ಆಳ. ಕಡ್ಡಿಗಳು ಇದನ್ನು ಹಿಂದುಮುಂದಾಗಿ ಮಾಡುತ್ತವೆ: ನೀರಿನ ಕೆಳಗಿರುವುದನ್ನು ಅಷ್ಟೇ ಎತ್ತರಕ್ಕೆ ಮೇಲೆ ಮಡಚುತ್ತವೆ, ಮೇಲಿರುವುದನ್ನು ಮುಟ್ಟುವುದಿಲ್ಲ.

ಕ್ಷ² − 4ಕ್ಷ + 3 ಎಂಬುದರ ನಕ್ಷೆ ಬಟ್ಟಲಿನ ಆಕಾರದ ಪರವಲಯ. ಅಡ್ಡಗೆರೆಯನ್ನು 1 ಮತ್ತು 3ರಲ್ಲಿ ದಾಟಿ, ನಡುವೆ ಕ್ಷ = 2ರಲ್ಲಿ −1ರವರೆಗೆ ಇಳಿಯುತ್ತದೆ. ಕಡ್ಡಿ ಹಾಕಿದರೆ ಆ ತಗ್ಗು ಮೇಲಕ್ಕೆ ಮಡಚಿ 1 ಎತ್ತರದ ಸಣ್ಣ ದಿಬ್ಬವಾಗುತ್ತದೆ. ಈಗ |ಕ್ಷ² − 4ಕ್ಷ + 3| = ಮ ಎಂಬುದಕ್ಕೆ ಎಷ್ಟು ಪರಿಹಾರ ಎಂದು ಕೇಳಿದರೆ ಮ ಎತ್ತರದಲ್ಲಿ ಒಂದು ದಾರ ಎಳೆದು, ಅದು ನಕ್ಷೆಯನ್ನು ಎಷ್ಟು ಕಡೆ ಮುಟ್ಟುತ್ತದೆ ಎಂದು ಎಣಿಸಿದರೆ ಸಾಕು. ಮ ಋಣವಾದರೆ ಎಲ್ಲೂ ಇಲ್ಲ. ಮ = 0 ಆದರೆ ಎರಡು ಕಡೆ. 0 ಮತ್ತು 1ರ ನಡುವೆ ದಾರ ದಿಬ್ಬವನ್ನೂ ಎರಡು ತೋಳುಗಳನ್ನೂ ಕತ್ತರಿಸುತ್ತದೆ, ನಾಲ್ಕು. ಮ = 1 ಆದರೆ ದಿಬ್ಬದ ನೆತ್ತಿಯನ್ನು ಸವರಿಕೊಂಡು ಹೋಗುತ್ತದೆ, ಮೂರು: 2, 2 + √2, 2 − √2. 1ಕ್ಕಿಂತ ಮೇಲೆ ತೋಳುಗಳು ಮಾತ್ರ, ಎರಡು. ಎಷ್ಟು ಪರಿಹಾರ ಎಂದಷ್ಟೇ ಕೇಳುವ ಪ್ರಶ್ನೆಗೆ ಇದಕ್ಕಿಂತ ಚುರುಕಾದ ದಾರಿ ಇಲ್ಲ.

ಪರೀಕ್ಷೆಯಲ್ಲಿ

ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಆಯ್ಕೆಗಳಲ್ಲಿ ಉತ್ತರದ ಸಂಖ್ಯೆಗಳನ್ನೇ ಕೊಟ್ಟಿದ್ದರೆ ಅವನ್ನು ನೇರವಾಗಿ ಹಾಕಿ ತಾಳೆ ನೋಡುವುದು ಬಿಡಿಸುವುದಕ್ಕಿಂತ ಬೇಗ ಆಗುತ್ತದೆ. ಆದರೆ ಒಂದು ಸಂಖ್ಯೆ ಕೂಡಿತೆಂದು ಅಲ್ಲಿಗೇ ನಿಲ್ಲಬಾರದು, ಅದೇ ಸಂಖ್ಯೆ ಬೇರೆ ಆಯ್ಕೆಯಲ್ಲೂ ಇರಬಹುದು. ಎಷ್ಟು ಪರಿಹಾರ, ಪರಿಹಾರಗಳ ಮೊತ್ತ ಎಷ್ಟು ಎಂದು ಕೇಳಿದರೆ ತಾಳೆ ನೋಡುವ ದಾರಿ ಮುಚ್ಚಿತು, ಬಿಡಿಸಲೇಬೇಕು. ಇಂಥ ಕಡೆ ಕ್ಷ² + ಬಕ್ಷ + ಕ = 0 ಎಂಬುದರ ಮೂಲಗಳ ಮೊತ್ತ −ಬ ಎಂದು ಅವಸರದಲ್ಲಿ ಬರೆಯಬೇಡಿ. ಆ ಎರಡರಲ್ಲಿ ಒಂದು ಮೂಲ ಸೀಮೆಯಿಂದ ಹೊರಗೆ ಬಿದ್ದಿರಬಹುದು.

ಕೊನೆಗೆ, ಮಾಡಿ ನೋಡಲು ಒಂದು: ಕ್ಷ|ಕ್ಷ| − 5ಕ್ಷ + 6 = 0. ಇದನ್ನು ಕಂಡ ಕೂಡಲೇ |ಕ್ಷ| = ದ ಎಂದು ಹೆಸರಿಡುವವರು ಹೆಚ್ಚು. ಆದರೆ ಇಲ್ಲಿ ಬರಿಯ ಕ್ಷ ಕೂಡ ಇದೆ, ಅದನ್ನು ದ ಎಂದು ಬರೆಯಲಾಗದು. ಸೀಮೆ ಕಟ್ಟಲೇಬೇಕು. ಕ್ಷ ≥ 0 ಆದಾಗ ಕ್ಷ² − 5ಕ್ಷ + 6 = 0, ಮೂಲಗಳು 2, 3, ಎರಡೂ ಸಲ್ಲುತ್ತವೆ. ಕ್ಷ < 0 ಆದಾಗ −ಕ್ಷ² − 5ಕ್ಷ + 6 = 0, ಅಂದರೆ ಕ್ಷ² + 5ಕ್ಷ − 6 = 0, ಮೂಲಗಳು 1, −6. ಇಲ್ಲಿ 1 ಹೋಗುತ್ತದೆ, −6 ಉಳಿಯುತ್ತದೆ. ತಾಳೆ ನೋಡಿ: (−6)(6) + 30 + 6 = 0.